ಡೀಸೆಲ್ಲಾ, ಪೆಟ್ರೋಲಾ? ಮೊದಲು ಮಂಡಿ ಎಷ್ಟು ದೂರ ಹೇಳಿ

"ಅಣ್ಣಾ, ದೊಡ್ಡ ಗಾಡಿ, ಲಕ್ಷುರಿ ಎಸ್‌ಯುವಿ ತಗೊಳ್ತಾ ಇದೀನಿ. ಡೀಸೆಲ್ ತಗೊಳ್ಳಲಾ, ಪೆಟ್ರೋಲ್ ತಗೊಳ್ಳಲಾ?"

ಕೋಲಾರದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡವನಿಗೆ ಟೊಮೆಟೊಗೆ ರೇಟು ಬಂದ ವರ್ಷ ಈ ಪ್ರಶ್ನೆ ಜಾಸ್ತಿ, ಬಿದ್ದ ವರ್ಷ ಕಮ್ಮಿ. ಕೇಳೋರು ಉತ್ತರವನ್ನೂ ಜೇಬಲ್ಲೇ ಇಟ್ಟುಕೊಂಡು ಬಂದಿರುತ್ತಾರೆ: "ತಿರುಪತಿಗೆ ಹೋಗಿ ಬರ್ತಾ ಇರ್ತೀವಿ, ಡೀಸೆಲ್ಲೇ ಸರಿ ಅಲ್ವಾ?" ತಿರುಪತಿ ವಿಷಯ ಆಮೇಲೆ ನೋಡೋಣ ಅಂತೀನಿ. ಬೆಳಗ್ಗೆ ಸ್ಟಾರ್ಟ್ ಮಾಡಿದ ಗಾಡಿ ಎಷ್ಟು ದೂರ ಹೋಗಿ ಆಫ್ ಆಗುತ್ತೆ, ಅದು ಹೇಳಿ.

ಮನೆಯಿಂದ ಎಪಿಎಂಸಿ ಯಾರ್ಡು, ಅಲ್ಲಿಂದ ಬ್ಯಾಂಕು, ಮತ್ತೆ ಮನೆ. ಬಹಳ ಜನರದ್ದು ಇಷ್ಟೇ. ಒಂದೊಂದು ಓಟ ಎರಡು ಮೂರು ಕಿಲೋಮೀಟರ್. ಇಂಥವರಿಗೆ ನನ್ನ ಉತ್ತರ ಪೆಟ್ರೋಲ್. ಮೈಲೇಜಿನ ಮಾತಲ್ಲ ಇದು, ಡಿಪಿಎಫ್ ಮಾತು.

2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಹೊಸ ನಿಯಮ ಬಿಎಸ್-6 ಬಂದಾಗಿನಿಂದ ಡೀಸೆಲ್ ಎಸ್‌ಯುವಿಗಳ ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ಅದೇ ಡಿಪಿಎಫ್. ಮಸಿ ತುಂಬುತ್ತಾ ಬಂದರೆ ಗಾಡಿ ತಾನೇ ಅದನ್ನು ಸುಟ್ಟುಹಾಕುತ್ತದೆ, ಆದರೆ ಅದಕ್ಕೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ಹೈವೇಯಲ್ಲಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಓಡಿದರೆ ಸಾಮಾನ್ಯವಾಗಿ ಆ ಕೆಲಸ ಮುಗಿದುಹೋಗುತ್ತದೆ. ಊರೊಳಗೆ ಕ್ಲಾಕ್ ಟವರ್ ಸುತ್ತ ಓಡಾಡಿದರೆ ಸುಡೋದು ಶುರುವಾಗುತ್ತದೆ, ಅರ್ಧಕ್ಕೇ ನಿಲ್ಲುತ್ತದೆ.

ಮಂಡಿ ಸಾಹುಕಾರರೊಬ್ಬರ ಗಾಡಿ ಹೀಗೇ ಬಂದಿತ್ತು. ಡಿಪಿಎಫ್ ತುಂಬಿದೆ ಅನ್ನೋ ಹಳದಿ ಲೈಟ್ ಬಂದು ವಾರಗಟ್ಟಲೆ ಆಗಿತ್ತಂತೆ, ಡ್ರೈವರ್ ಹೇಳಿರಲಿಲ್ಲ. ಆಮೇಲೆ ಗಾಡಿ ಎಳೆಯೋದೇ ನಿಲ್ಲಿಸಿತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮಾರ್ಕ್‌ಗಿಂತ ಮೇಲಕ್ಕೆ ಬಂದಿತ್ತು. ಆಯಿಲ್ ಕಮ್ಮಿ ಆಗೋದು ಗೊತ್ತು, ಜಾಸ್ತಿ ಹೇಗಾಗುತ್ತೆ ಅಂತ ಅವರಿಗೆ ಆಶ್ಚರ್ಯ. ಬೆರಳಿಗೆ ಹಚ್ಚಿ ಮೂಸಿ ನೋಡಿ ಅಂದೆ: ಡೀಸೆಲ್ ವಾಸನೆ. ಫಿಲ್ಟರ್ ಕಾಯಿಸೋಕೆ ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಮತ್ತೆ ಮತ್ತೆ ಅರ್ಧಕ್ಕೆ ಆಫ್ ಮಾಡಿದರೆ ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ತೆಳುವಾದ ಆಯಿಲ್‌ನಲ್ಲಿ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಎಷ್ಟು ದಿನ ಬಾಳೀತು? ಲೀಡರ್‌ಗಳ ಗಾಡಿಗಳದ್ದೂ ಇದೇ ಕಾಯಿಲೆ. ಛತ್ರದ ಮುಂದೆ ಎಸಿ ಹಾಕಿಕೊಂಡು ಗಂಟೆಗಟ್ಟಲೆ ಐಡಲ್‌ನಲ್ಲಿ ನಿಲ್ಲೋದು, ಅಲ್ಲಿಂದ ಇನ್ನೊಂದು ಛತ್ರ.

ಇನ್ನು ಡೀಸೆಲ್ ಯಾರಿಗೆ? ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಇಟ್ಟುಕೊಂಡು ಬೆಂಗಳೂರಿಂದ ದಿನಾ ಓಡಾಡೋರಿಗೆ, ಚೆನ್ನೈಗೆ ಮಾಲು ಕಳಿಸಿ ಹಿಂದೆಯೇ ತಾವೂ ಹೋಗೋರಿಗೆ, ಕಣ್ಣು ಮುಚ್ಚಿಕೊಂಡು ಡೀಸೆಲ್. ತಿರುಪತಿಯಿಂದ ವಾಪಸ್ ಬರುವಾಗ ಏಳು ಜನ ತುಂಬಿಕೊಂಡು ಮೊಗಿಲಿ ಘಾಟ್ ಹತ್ತಿ ನೋಡಿ. ಮುಂದೆ ಲೋಡ್ ಲಾರಿ ತೆವಳುತ್ತಿರುತ್ತದೆ, ಜಾಗ ಸಿಕ್ಕ ಕೂಡಲೇ ದಾಟಬೇಕು. ಅಲ್ಲಿ ಲೆಕ್ಕಕ್ಕೆ ಬರೋದು ಹಾರ್ಸ್‌ಪವರ್ ಅಲ್ಲ, ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ; ಅದರ ಅಳತೆ ನ್ಯೂಟನ್ ಮೀಟರ್. ಬಿಎಂಡಬ್ಲ್ಯು ಎಕ್ಸ್5 ಪೆಟ್ರೋಲ್ 40ಐ 381 ಹಾರ್ಸ್‌ಪವರ್, 520 ನ್ಯೂಟನ್ ಮೀಟರ್. ಡೀಸೆಲ್ 30ಡಿ 286 ಹಾರ್ಸ್‌ಪವರ್ರೇ, ಆದರೆ 650 ನ್ಯೂಟನ್ ಮೀಟರ್. ಕಾಗದದ ಮೇಲೆ ಪೆಟ್ರೋಲ್ ಗೆಲ್ಲುತ್ತೆ, ಘಾಟ್‌ನಲ್ಲಿ ಡೀಸೆಲ್ ಸದ್ದಿಲ್ಲದೆ ಎಳೆಯುತ್ತೆ. ಮರ್ಸಿಡಿಸ್ ಜಿಎಲ್ಇ ಕೇಳೋರಿಗೆ ಇನ್ನೊಂದು ಮಾತು: 300ಡಿ ನಾಲ್ಕು ಸಿಲಿಂಡರ್, 450ಡಿ ಆರು. 550 ಮತ್ತು 750 ನ್ಯೂಟನ್ ಮೀಟರ್. ದುಡ್ಡಿದ್ದರೆ ಆರು ಸಿಲಿಂಡರ್ ತಗೊಳ್ಳಿ. ಆ ನಯ ನಾಲ್ಕರಲ್ಲಿ ಬರಲ್ಲ. ಆಡಿ, ವೋಲ್ವೊ ಇಷ್ಟಪಡೋರಿಗೆ ತಲೆಬಿಸಿಯೇ ಇಲ್ಲ. ಆಡಿ ಬಿಎಸ್-6 ಬಂದಾಗಲೇ ನಮ್ಮ ದೇಶದಲ್ಲಿ ಡೀಸೆಲ್ ಕೈಬಿಟ್ಟಿತು, ವೋಲ್ವೊ 2024ರಲ್ಲಿ ಡೀಸೆಲ್ ಕಾರು ತಯಾರಿಸೋದನ್ನೇ ನಿಲ್ಲಿಸಿತು.

ಜರ್ಮನ್ ಡೀಸೆಲ್ ತಗೊಂಡರೆ ಆಡ್‌ಬ್ಲೂ, ಅಂದರೆ ಹೊಗೆ ಶುದ್ಧ ಮಾಡೋಕೆ ಬೇರೆ ಟ್ಯಾಂಕಿಗೆ ತುಂಬೋ ದ್ರವ, ಮರೆಯಬೇಡಿ. ಪೂರ್ತಿ ಖಾಲಿಯಾಗಿ ಗಾಡಿ ಒಮ್ಮೆ ಆಫ್ ಆದರೆ ಮತ್ತೆ ಸ್ಟಾರ್ಟ್ ಆಗಲ್ಲ. ಅದು ಶೇ 32.5 ಯೂರಿಯಾ ಇರುವ ಶುದ್ಧ ದ್ರಾವಣ. "ಯೂರಿಯಾನೇ ತಾನೇ, ತೋಟದಲ್ಲಿ ಮೂಟೆ ಇದೆ" ಅಂದವರಿದ್ದಾರೆ. ಅದು ಟೊಮೆಟೊಗೇ ಇರಲಿ, ದಯವಿಟ್ಟು.

ಮೈಲೇಜ್ ಲೆಕ್ಕವನ್ನೂ ಹಾಕಿಬಿಡೋಣ. ವರ್ಷಕ್ಕೆ 15,000 ಕಿಲೋಮೀಟರ್, ಡೀಸೆಲ್ 12 ಕೊಡುತ್ತೆ, ಪೆಟ್ರೋಲ್ ಎಂಟೂವರೆ ಅನ್ನಿ. ಲೀಟರಿಗೆ 91, 103 ರೂಪಾಯಿ ಹಿಡಿದರೆ ವರ್ಷಕ್ಕೆ ಸುಮಾರು 68,000 ಉಳಿಯುತ್ತದೆ. ಕೋಟಿ ರೂಪಾಯಿ ಗಾಡಿಗೆ ಇದು ದೊಡ್ಡ ಮೊತ್ತವಲ್ಲ, ಒಂದು ಡಿಪಿಎಫ್ ಬದಲಾಯಿಸಿದರೆ ವರ್ಷಗಳ ಉಳಿತಾಯ ಅಲ್ಲೇ ಹೋಯಿತು. ತೆರಿಗೆಯಲ್ಲೂ ವ್ಯತ್ಯಾಸವಿಲ್ಲ: 2025ರ ಸೆಪ್ಟೆಂಬರ್‌ನಿಂದ ದೊಡ್ಡ ಗಾಡಿಗಳಿಗೆ ಜಿಎಸ್‌ಟಿ ಶೇ 40, ಎರಡಕ್ಕೂ ಒಂದೇ. ಪೆಟ್ರೋಲ್‌ನಲ್ಲಿ ಈಗ ಶೇ 20 ಎಥೆನಾಲ್ ಇರೋದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತೆ, ನಿಜ. ಚಿತ್ತೂರು ಕಡೆ ಹೋಗೋರು ಯಾವ ಎಣ್ಣೆಯೇ ಆಗಲಿ ಗಡಿಯ ನಂಗಲಿ ದಾಟೋ ಮುಂಚೆ ತುಂಬಿಸಿಕೊಂಡರೆ ಒಳ್ಳೇದು. ಆಂಧ್ರದಲ್ಲಿ ರೇಟು ಜಾಸ್ತಿ.

ಫಾರ್ಚೂನರ್ ಮಾತ್ರ ಬೇರೆ ಕಥೆ. ಕೋಲಾರದ ಲಕ್ಷುರಿ ಶುರುವಾಗೋದೇ ಅಲ್ಲಿಂದ, ಮುಗಿಯೋದೂ ಬಹಳ ಸಲ ಅಲ್ಲೇ. ಅದರ ಪೆಟ್ರೋಲ್ 2.7 ಎಂಜಿನ್ನಿಗೆ ಟರ್ಬೊ ಇಲ್ಲ, 245 ನ್ಯೂಟನ್ ಮೀಟರ್. ಡೀಸೆಲ್ ಆಟೊಮ್ಯಾಟಿಕ್ ಅದರ ಎರಡರಷ್ಟಕ್ಕಿಂತ ಜಾಸ್ತಿ, 500. ಪೆಟ್ರೋಲ್‌ನಲ್ಲಿ ಫೋರ್ ವೀಲ್ ಡ್ರೈವ್ ಕೂಡ ಸಿಗಲ್ಲ. ಊರೊಳಗೇ ಓಡಿಸೋದು, ಆದರೂ ಫಾರ್ಚೂನರ್ರೇ ಬೇಕು ಅನ್ನೋರಿಗೆ ಡೀಸೆಲ್ ತಗೊಳ್ಳಿ, ವಾರಕ್ಕೊಂದು ದಿನ ಹೈವೇಯಲ್ಲಿ ಮುಳಬಾಗಿಲು ತನಕ ಹೋಗಿ ಬನ್ನಿ ಅಂತೀನಿ. ನಗ್ತಾರೆ. ನಾನು ತಮಾಷೆಗೆ ಹೇಳಿದ್ದಲ್ಲ.

"ಡೀಸೆಲ್ ಹತ್ತು ವರ್ಷಕ್ಕೆ ಗುಜರಿಗೆ ಅಂತಲ್ಲಣ್ಣಾ?" ಅಂತ ಕೊನೆಗೆ ಕೇಳೇ ಕೇಳ್ತಾರೆ. ಆ ನಿಯಮ ಬಂದದ್ದು ದೆಹಲಿ ಸುತ್ತಮುತ್ತಲಿಗೆ, ನಮಗಲ್ಲ. ನಮ್ಮಲ್ಲಿ ಆರ್‌ಸಿ 15 ವರ್ಷ, ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷ ಮುಂದುವರಿಸಬಹುದು. ಅದೇ ಕಾರಣಕ್ಕೆ ದೆಹಲಿಯ ಡೀಸೆಲ್ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬಂದಿವೆ. ಅಂಥದ್ದು ನೋಡೋದಾದರೆ ಅಡ್ವಾನ್ಸ್ ಕೊಡೋ ಮುಂಚೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಡಿಪಿಎಫ್‌ನಲ್ಲಿ ಮಸಿ ಎಷ್ಟಿದೆ, ಕೊನೇ ಸಲ ಪೂರ್ತಿ ಸುಟ್ಟಿದ್ದು ಎಷ್ಟು ಕಿಲೋಮೀಟರ್ ಹಿಂದೆ ಅಂತ ಬಹಳಷ್ಟು ಗಾಡಿಗಳಲ್ಲಿ ಕಾಣಿಸುತ್ತೆ. ಮಾರೋರು ಸ್ಕ್ಯಾನರ್ ಬೇಡ ಅಂದರೆ ಆ ಗಾಡಿ ಬಿಟ್ಟುಬಿಡಿ.