ಲ್ಯಾಂಬೋರ್ಗಿನಿಗೆ ಪಂಕ್ಚರ್ ಹಾಕಿದ ದಿನ

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಅಂಗಡಿಗೆ ಪುರುಸೊತ್ತು ಇರುವುದಿಲ್ಲ. ಕಾಕತಿ ಹತ್ತಿರ, ಪುಣೆ–ಬೆಂಗಳೂರು ಹೆದ್ದಾರಿಯ ಸರ್ವಿಸ್ ರಸ್ತೆ ಬದಿಯ ಟೈರ್ ಅಂಗಡಿ ನಮ್ಮದು. ಹಾಕಿದ್ದು ನಮ್ಮ ಕಾಕಾ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಉದ್ಯಮಬಾಗದಲ್ಲಿ ಸ್ವಲ್ಪ ಕಾಲ ಲೇತ್ ಮುಂದೆ ನಿಂತು, ಆಮೇಲೆ ಇಲ್ಲಿಗೇ ಬಂದೆ. ಕಾರಿನ ಹುಚ್ಚು ಮೊದಲಿನಿಂದಲೂ ಇತ್ತು. ಯಾವ ಕಾರು ಎಷ್ಟು ಓಡುತ್ತದೆ ಅನ್ನೋದನ್ನ ಮಗ್ಗಿ ಹಾಗೆ ಬಾಯಿಪಾಠ ಮಾಡಿಕೊಂಡವನು ನಾನು. ಆದರೆ ಅಂಥ ಕಾರಿನ ಗಾಲಿ ಬಿಚ್ಚುವ ಕೆಲಸ ನನ್ನ ಕೈಗೆ ಬರುತ್ತದೆ ಅಂದುಕೊಂಡಿರಲಿಲ್ಲ.

ಆವತ್ತು ಶನಿವಾರ. ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರ್ ಅಂಗಡಿ ಮುಂದೆ ನಿಂತಿತ್ತು. ಹಿಂದಿನ ಟ್ರಾಲಿಯ ಒಂದು ಟೈರ್ ಕೂತಿತ್ತು. ಕಾಕಾ ಟ್ಯೂಬ್ ಹೊರಗೆ ಎಳೆದು, ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರು. ಆಗ ಬಂತು ಆ ಕಾರು. ಕಿತ್ತಳೆ ಬಣ್ಣದ ಲ್ಯಾಂಬೋರ್ಗಿನಿ ಹುರಾಕಾನ್. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ, ಎಮ್ಮೆ ನಡೆದಷ್ಟು ನಿಧಾನಕ್ಕೆ ಬಂದು ಟ್ರಾಲಿಯ ಹಿಂದೆ ನಿಂತಿತು.

ಪುಣೆ, ಮುಂಬೈ ಕಡೆಯಿಂದ ಗೋವಾಕ್ಕೆ ಹೋಗುವವರು ಬೆಳಗಾವಿಯಲ್ಲಿ ಹೆದ್ದಾರಿ ಬಿಟ್ಟು ಚೋರ್ಲಾ ಘಾಟ್ ಹಿಡಿಯುತ್ತಾರೆ. ಚಳಿಗಾಲದ ಶನಿವಾರ ಇಂಥ ಕಾರುಗಳು ಗುಂಪು ಕಟ್ಟಿಕೊಂಡು ಹೋಗುವುದುಂಟು. ಇವರ ಗುಂಪಿನ ಉಳಿದವರು ಊಟಕ್ಕೆ ಅಂತ ಬೆಳಗಾವಿಗೆ ಮುಂದೆ ಹೋಗಿದ್ದರು. ಇವರಿಗೆ ವಂಟಮೂರಿ ಘಾಟ್ ದಾಟುವಾಗ ಡ್ಯಾಶ್‌ಬೋರ್ಡಿನಲ್ಲಿ ಹಿಂದಿನ ಬಲಗಾಲಿಯ ಗಾಳಿ ಕಮ್ಮಿ ಅಂತ ತೋರಿಸಿದೆ. ಸ್ಟೆಪ್ನಿ ಇಲ್ಲ. ಈ ಕಾರಿನಲ್ಲಿ ಸ್ಟೆಪ್ನಿಗೆ ಜಾಗವೇ ಇರುವುದಿಲ್ಲ, ತೂತಿಗೆ ತುಂಬುವ ಅಂಟಿನ ಡಬ್ಬಿ ಕೊಟ್ಟಿರುತ್ತಾರೆ. ಅದನ್ನು ಹಾಕದೆ ತಂದಿದ್ದು ಪುಣ್ಯ. ಆ ಅಂಟು ಒಳಗೆ ಹೋದರೆ ತೊಳೆಯುವುದರಲ್ಲೇ ಅರ್ಧ ದಿನ.

ಮಾಲೀಕರಿಗೆ ಅವಸರ. ಕಾಕಾ ತೊಟ್ಟಿಯಿಂದ ತಲೆ ಎತ್ತಲಿಲ್ಲ. "ಪಾಳಿ ಐತ್ರಿ ಸಾಹೇಬ್ರ. ಕಬ್ಬು ಒಣಗತೈತಿ, ಅವಂದ ಮೊದಲ" ಅಂದರು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತನದು. ಮಾಲೀಕರು ಪಾಪ ಒಳ್ಳೆಯವರು. ನಕ್ಕು, ಕುರ್ಚಿ ಎಳೆದುಕೊಂಡು ಕೂತರು. ಹಾಗಾಗಿ ನನಗೆ ಕಾರನ್ನು ಸುತ್ತು ಹಾಕಿ ನೋಡಲು ಬೇಕಾದಷ್ಟು ಸಮಯ ಸಿಕ್ಕಿತು.

ಟ್ರ್ಯಾಕ್ಟರ್ ಹುಡುಗನೂ ಬಂದು ಪಕ್ಕ ನಿಂತ. ಹುಕ್ಕೇರಿ ಕಡೆಯವನು. "ಇದರ ಕಂಪನಿಯವ್ರು ಮೊದಲ ಟ್ರ್ಯಾಕ್ಟರ್ ಮಾಡ್ತಿದ್ರು, ಗೊತ್ತೇನ?" ಅಂತ ಕೇಳಿದೆ. ನಾನು ಚೇಷ್ಟೆ ಮಾಡ್ತಿದೀನಿ ಅಂದುಕೊಂಡ. ನಿಜ ಅದು. ಫೆರುಚಿಯೋ ಲ್ಯಾಂಬೋರ್ಗಿನಿ ಇಟಲಿಯ ರೈತರ ಮನೆಯ ಹುಡುಗ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಸೈನ್ಯ ಬಿಟ್ಟುಹೋದ ಗಾಡಿಗಳ ಬಿಡಿಭಾಗ ಸೇರಿಸಿ ಟ್ರ್ಯಾಕ್ಟರ್ ಕಟ್ಟಿದ. 1948ರಲ್ಲಿ ಟ್ರ್ಯಾಕ್ಟರ್ ಕಂಪನಿ. ಸ್ಪೋರ್ಟ್ಸ್ ಕಾರಿನ ಕಂಪನಿ ಶುರುವಾಗಿದ್ದು ಆಮೇಲೆ, 1963ರಲ್ಲಿ. ಕಾರುಗಳಿಗೆ ಅವರು ಇಡುವ ಹೆಸರುಗಳಲ್ಲಿ ಬಹಳಷ್ಟು ಕಾಳಗದ ಹೋರಿಗಳಿಗೆ ಸೇರಿದ್ದು. ಹುರಾಕಾನ್ ಕೂಡ ಸ್ಪೇನಿನ ಒಂದು ಹೋರಿಯ ಹೆಸರೇ. ಇಷ್ಟು ಹೇಳಿದ್ದೇ ತಡ, ಹುಡುಗನಿಗೆ ಕಾರಿನ ಮೇಲೆ ಒಮ್ಮೆಲೇ ಸಲುಗೆ ಬಂತು. ಅವರ ಮನೆಯಲ್ಲೂ ಶರತ್ತಿಗೆ ಓಡಿಸುವ ಖಿಲಾರಿ ಜೋಡಿ ಇದೆಯಂತೆ. "ಹೋರಿ ಹೆಸರಿಟ್ಟಾರ ಅಂದಮ್ಯಾಲ ಓಡೂದ ಬಿಡ್ರಿ" ಅಂದ.

ಅವನ ಮುಂದಿನ ಪ್ರಶ್ನೆ ಎಲ್ಲರೂ ಕೇಳುವುದೇ. ಎಷ್ಟು ಓಡುತ್ತೆ? ಎಷ್ಟು ಮೈಲೇಜ್ ಅಂತ ಕೇಳಲಿಲ್ಲ, ಅದೇ ಹೆಚ್ಚು. 5.2 ಲೀಟರಿನ ವಿ10 ಎಂಜಿನ್, ಟರ್ಬೊ ಇಲ್ಲ, 610 ಕುದುರೆ ಶಕ್ತಿ, ಗಂಟೆಗೆ 325 ಕಿ.ಮೀ. ನಾನು ಹೇಳುತ್ತಿದ್ದರೆ ಮಾಲೀಕರು ಕುರ್ಚಿಯಿಂದಲೇ ತಲೆ ಆಡಿಸಿದರು. "ನೀವು ಎಷ್ಟಕ್ಕೆ ಓಡ್ಸೀರಿ?" ಅಂತ ಕೇಳಿದೆ. ದಿಲ್ಲಿ ಹತ್ತಿರದ ಬುದ್ಧ ಸರ್ಕ್ಯೂಟ್‌ನಲ್ಲಿ ಒಂದು ಸಲ 250 ದಾಟಿತ್ತಂತೆ. ಮುಂದೆ ತಿರುವು ಇದ್ದುದರಿಂದ ಬ್ರೇಕ್ ಒತ್ತಲೇ ಬೇಕಾಯಿತಂತೆ. ರಸ್ತೆಯಲ್ಲಿ? ನಮ್ಮ ನಾಲ್ಕು ಪಥದ ಹೆದ್ದಾರಿಗೆ 100ರ ಮಿತಿ. 325ರಲ್ಲಿ ಒಂದು ಸೆಕೆಂಡಿಗೆ 90 ಮೀಟರ್ ಹೋಗುತ್ತೀರಿ. ಕಣ್ಣು ಮಿಟುಕಿಸುವ ಹೊತ್ತಿಗೆ ಡಿವೈಡರ್ ಹಾರಿ ಬರುವ ನಾಯಿ, ಎದುರು ದಿಕ್ಕಿನಲ್ಲಿ ಆರಾಮಾಗಿ ಬರುವ ಬೈಕು, ಲೈಟಿಲ್ಲದ ಟ್ರಾಲಿ. ಅವರು ಅಷ್ಟೂ ತಿಳಿದವರು. "ಆ ನಂಬರ್ ಇರೋದು ನೋಡ್ಕೊಳ್ಳೋಕೆ" ಅಂದರು ಹಿಂದಿಯಲ್ಲಿ.

ಟ್ರಾಲಿಯ ಕೆಲಸ ಮುಗಿಯಿತು. ಈಗ ನಿಜವಾದ ಫಜೀತಿ. ಕಾರು ನೆಲಕ್ಕೆ ಎಷ್ಟು ಹತ್ತಿರ ಅಂದರೆ ನಮ್ಮ ಟ್ರಾಲಿ ಜಾಕ್ ಅಡಿಗೆ ಹೋಗುವುದೇ ಇಲ್ಲ. "ಲೇ, ಇದರ ಕೆಳಗ ಏನ್ ತೂರಸ್ತಿ?" ಅಂದರು ಕಾಕಾ. ಎರಡು ಮರದ ಹಲಗೆ ಇಟ್ಟು, ಕಾರನ್ನು ಮೆಲ್ಲಗೆ ಹಲಗೆ ಮೇಲೆ ಹತ್ತಿಸಿ, ಕಂಪನಿ ತೋರಿಸಿದ ಜಾಗಕ್ಕೇ ರಬ್ಬರ್ ಗಟ್ಟಿ ಕೊಟ್ಟು ಎತ್ತಿದೆವು. ಮೊಳೆ ಸಿಕ್ಕಿತು. ಟೈರಿನ ನಡುಭಾಗದಲ್ಲಿ, ಗುಂಡಿಯ ಹಾಗೆ ಚಪ್ಪಟೆ ತಲೆಯ ಮೊಳೆ. ಯಾವುದೋ ಟ್ರಾಲಿಯ ಹಲಗೆಯಿಂದ ಉದುರಿದ್ದಿರಬೇಕು. ನಾನು ಟ್ರ್ಯಾಕ್ಟರ್ ಹುಡುಗನ ಮುಖ ನೋಡಿದೆ, ಅವನು ಆಕಾಶ ನೋಡಿದ.

ಬದಿಗೋಡೆ ಹರಿದಿದ್ದರೆ ನಾವು ಮುಟ್ಟುತ್ತಿರಲಿಲ್ಲ. ನಡುವೆ ಆಗಿದ್ದಕ್ಕೆ ಒಳಗಿನಿಂದ ಅಣಬೆ ಪ್ಯಾಚ್, ಅಂದರೆ ಅಣಬೆ ಆಕಾರದ ರಬ್ಬರ್ ತೇಪೆ, ಹಾಕಬಹುದಿತ್ತು. ಗಾಲಿ ಕೈಗೆ ಬಂದಾಗ ನಾನು ಮೊದಲು ಓದಿದ್ದು ಟೈರಿನ ಮೇಲಿನ ಬರಹ. 305/30, 20 ಇಂಚಿನ ರಿಮ್. ಕೊನೆಗೆ ಬ್ರಾಕೆಟ್ ಒಳಗೆ 103 ವೈ.

ಈ ಕೊನೆಯ ಅಕ್ಷರವನ್ನು ಯಾರೂ ನೋಡುವುದಿಲ್ಲ. ನಿಮ್ಮ ಕಾರಿನ ಟೈರ್ ಮೇಲೂ ಇದೆ, ಹೋಗಿ ನೋಡಿ. 103 ಅಂದರೆ ಆ ಒಂದು ಟೈರ್ 875 ಕಿಲೋ ಹೊರಬಲ್ಲದು. ಅಕ್ಷರ ವೇಗದ ಮಿತಿ. ಸಾಮಾನ್ಯ ಕಾರುಗಳಲ್ಲಿ ಟಿ ಅಥವಾ ಎಚ್ ಇರುತ್ತದೆ, 190 ಅಥವಾ 210 ಕಿ.ಮೀ. ವಿ ಇದ್ದರೆ 240, ಡಬ್ಲ್ಯು ಇದ್ದರೆ 270, ವೈ ಇದ್ದರೆ 300. ಸಂಖ್ಯೆ ಮತ್ತು ವೈ ಎರಡೂ ಬ್ರಾಕೆಟ್ ಒಳಗಿದ್ದರೆ 300ನ್ನೂ ಮೀರಿ ತಡೆಯುತ್ತದೆ ಅಂತ ಲೆಕ್ಕ. ಟಾಪ್ ಸ್ಪೀಡ್ ಬಗ್ಗೆ ಮಾತಾಡುವವರೆಲ್ಲ ಎಂಜಿನ್ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ಕೊನೆಯ ಮಾತು ಟೈರಿನದು. ಟೈರ್ ಅಂಗಡಿಯವನು ಇನ್ನೇನು ಹೇಳ್ತಾನೆ ಅನ್ನಬೇಡಿ, ಕಾರಣ ಇದೆ.

ಬುಗಾಟಿ ವೇರಾನ್ ಕೇಳಿರುತ್ತೀರಿ. 2005ರ ಕಾರು, 8 ಲೀಟರಿನ 16 ಸಿಲಿಂಡರ್ ಎಂಜಿನ್, ನಾಲ್ಕು ಟರ್ಬೊ, 1001 ಕುದುರೆ ಶಕ್ತಿ, 407 ಕಿ.ಮೀ. ವೇಗ. 2010ರಲ್ಲಿ ಅದರ ಸೂಪರ್ ಸ್ಪೋರ್ಟ್ ಬಂತು. 1200 ಕುದುರೆ ಶಕ್ತಿ, 431 ಕಿ.ಮೀ. ಲೆಕ್ಕ ಹಾಕಿ. 24 ಕಿ.ಮೀ. ಜಾಸ್ತಿ ಓಡಲು 200 ಕುದುರೆ ಶಕ್ತಿ ಬೇಕಾಯಿತು. ನಮ್ಮ ಕಡೆ ಕಬ್ಬು ಎಳೆಯುವ ಟ್ರ್ಯಾಕ್ಟರ್‌ಗೆ 50 ಇದ್ದರೆ ದೊಡ್ಡದು. ನಾಲ್ಕು ಟ್ರ್ಯಾಕ್ಟರಿನ ಶಕ್ತಿ ಸೇರಿಸಿದರೆ ಒಂದು ಟ್ರ್ಯಾಕ್ಟರಿನ ವೇಗ ಹೆಚ್ಚಾಯಿತು! ಇದು ಗಾಳಿಯ ಕೆಲಸ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ಅಷ್ಟು ಮಾಡಿಯೂ ಗ್ರಾಹಕರಿಗೆ ಕೊಟ್ಟ ಸೂಪರ್ ಸ್ಪೋರ್ಟ್‌ಗಳನ್ನು 415ಕ್ಕೇ ಕಟ್ಟಿಹಾಕಿದರು. ಟೈರಿನ ಸಲುವಾಗಿ. ಮೊದಲ ವೇರಾನ್ ಬಗ್ಗೆ ಇನ್ನೊಂದು ಮಾತಿತ್ತು. ಪೂರ್ತಿ ವೇಗದಲ್ಲಿ ಟೈರ್ 15 ನಿಮಿಷ ಬಾಳುತ್ತದೆ, ಆದರೆ ಪೆಟ್ರೋಲ್ 12 ನಿಮಿಷಕ್ಕೇ ಮುಗಿಯುವುದರಿಂದ ಚಿಂತೆ ಇಲ್ಲ ಅಂತ. ಬೆಳಗಾವಿಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಧಾರವಾಡದ ಆಸುಪಾಸಿನಲ್ಲಿ ಮತ್ತೆ ಬಂಕ್ ಹುಡುಕಬೇಕು.

ಟೈರಿಗೆ ಆಗುವುದೇನು? ನೆಲ ತಾಗಿದ ಕಡೆ ಅದು ಚಪ್ಪಟೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ಗುಂಡಗಾಗುತ್ತದೆ. ವೇಗ ಮಿತಿ ಮೀರಿದರೆ ಗುಂಡಗಾಗಲು ಸಮಯವೇ ಸಿಗುವುದಿಲ್ಲ. ರಬ್ಬರಿನಲ್ಲಿ ಅಲೆಗಳು ಏಳುತ್ತವೆ, ಸಿಕ್ಕಾಪಟ್ಟೆ ಬಿಸಿಯಾಗುತ್ತದೆ, ಪದರ ಕಿತ್ತುಬರುತ್ತದೆ. ಗಾಳಿ ಕಮ್ಮಿ ಇದ್ದರೆ ಇದೇ ಕಥೆ ಕಡಿಮೆ ವೇಗದಲ್ಲೂ ನಡೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಮದುವೆಗೆ ಜನ ತುಂಬಿಕೊಂಡು ಹೋಗುವ ಗಾಡಿಗಳ ಟೈರ್ ಸಿಡಿಯುವುದು ಹೀಗೇ. ಅಂಥ ಟೈರ್‌ಗಳ ಒಳಗೋಡೆಯನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಪ್ಪು ಪುಡಿ ಉದುರುತ್ತಿರುತ್ತದೆ.

ಪ್ಯಾಚ್ ಹಾಕಿ, ಟೈರ್ ಕೂಡಿಸಿ, ಗಾಲಿಯ ತೂಕ ಸುತ್ತಲೂ ಸಮ ಇದೆಯಾ ಅಂತ ನೋಡುವ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿದೆ. ಯಂತ್ರ ಒಂದು ಬದಿಗೆ 5 ಗ್ರಾಂ ತೂಕ ಕಮ್ಮಿ ಅಂತ ತೋರಿಸಿತು. ದಿನಾ ರಿಮ್ಮಿಗೆ ಅಂಟಿಸುವ ತೂಕದ ಸಣ್ಣ ತುಂಡಿನಷ್ಟು ಅದು. ಬೇರೆ ಗಾಡಿಗಾದರೆ ಕೆಲವರು "ಇರ್ಲಿ ಬಿಡ್ರಿ" ಅಂದುಬಿಡುತ್ತಾರೆ. ಅಲ್ಲೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಮಾಡಿದೆ. ಸಣ್ಣ ಕಾರಿನಲ್ಲಿ 100 ಕಿ.ಮೀ. ವೇಗಕ್ಕೆ ಆ 5 ಗ್ರಾಂ ಸುಮಾರು ಮುಕ್ಕಾಲು ಕಿಲೋ ಭಾರದಷ್ಟು ಹೊರಕ್ಕೆ ಜಗ್ಗುತ್ತದೆ. ಈ ಹುರಾಕಾನ್ 325ರಲ್ಲಿ ಹೋದರೆ 8 ಕಿಲೋ ದಾಟುತ್ತದೆ. ವೇರಾನ್ ನಂತರ ಬಂದ ಬುಗಾಟಿ ಶಿರಾನ್ 490ರಲ್ಲಿ ಓಡಿದೆ, ಅಲ್ಲಿ 18 ಕಿಲೋ ಹತ್ತಿರ. ಗಾಲಿ ಸೆಕೆಂಡಿಗೆ 60 ಸುತ್ತಿನ ಮೇಲೆ ತಿರುಗುತ್ತಿರುವಾಗ, ಪ್ರತಿ ಸುತ್ತಿಗೂ ಒಂದು ಬದಿಗೆ 18 ಕಿಲೋ ಏಟು. ಲೆಕ್ಕ ನೋಡಿ ಮಾಲೀಕರು ಎದ್ದು ಬಂದು ಯಂತ್ರದ ಪಕ್ಕ ನಿಂತರು. ಎರಡೂ ಬದಿ ಸೊನ್ನೆ ಬರುವ ತನಕ ನಾನೂ ಬಿಡಲಿಲ್ಲ.

ಶಿರಾನ್ ಓಡಿದ್ದು 2019ರ ಆಗಸ್ಟ್‌ನಲ್ಲಿ, ಜರ್ಮನಿಯ ಎರಾ–ಲೆಸಿನ್ ಟ್ರ್ಯಾಕಿನಲ್ಲಿ. ಅಲ್ಲಿ ಎಂಟೂವರೆ ಕಿ.ಮೀ.ಗೂ ಉದ್ದದ ನೇರ ದಾರಿ ಇದೆ. ಓಡಿಸಿದವರು ಆಂಡಿ ವಾಲೆಸ್. 1998ರಲ್ಲಿ ಮೆಕ್ಲಾರೆನ್ ಎಫ್1 ಕಾರನ್ನು ಅದೇ ಟ್ರ್ಯಾಕಿನಲ್ಲಿ 386ರ ಸರಾಸರಿಗೆ ಮುಟ್ಟಿಸಿದ್ದೂ ಇವರೇ. ಶಿರಾನ್‌ಗೆ ಹಾಕಿದ ಮಿಶೆಲಿನ್ ಟೈರ್‌ಗಳನ್ನು ಒಂದೊಂದಾಗಿ ಎಕ್ಸ್‌ರೇ ತೆಗೆದು ನೋಡಿದ್ದರು. ಒಳಗಿನ ಎಳೆಗಳು ಒಂದರ ಮೇಲೊಂದು ತಾಗಬಾರದು ಅಂತ. ಬಂದ ವೇಗ 490.484. ಆದರೆ ನನಗೆ ಅದು ಪೂರ್ತಿ ದಾಖಲೆ ಅನಿಸುವುದಿಲ್ಲ. ಒಂದೇ ದಿಕ್ಕಿಗೆ ಓಡಿದ್ದು. ಹಿಂದಿನಿಂದ ಗಾಳಿ ಇದ್ದರೆ, ರಸ್ತೆ ತುಸು ಇಳಿಜಾರಿದ್ದರೆ ಲಾಭ ಆಗುತ್ತದೆ, ಅದಕ್ಕೇ ಹೋಗಿ ಬಂದು ಸರಾಸರಿ ತೆಗೆಯುವ ಪದ್ಧತಿ. ಸ್ವೀಡನ್ನಿನ ಕಾರು ಕೋನಿಗ್‌ಸೆಗ್ ಅಗೇರಾ ಆರ್‌ಎಸ್ 2017ರಲ್ಲಿ ಅಮೆರಿಕದ ನೆವಾಡಾದಲ್ಲಿ, ಮುಚ್ಚಿದ ಹೆದ್ದಾರಿಯ ಮೇಲೆ, ಎರಡೂ ದಿಕ್ಕಿಗೆ ಓಡಿ 447.19 ತೆಗೆಯಿತು. ಸಂಖ್ಯೆ ಕಮ್ಮಿ, ನನಗೆ ಅದರ ಮೇಲೇ ಗೌರವ ಜಾಸ್ತಿ.

2025ರ ಸೆಪ್ಟೆಂಬರ್‌ನಲ್ಲಿ ಚೀನಾದ ಬಿವೈಡಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ 496.22 ಓಡಿತು. ಬ್ಯಾಟರಿ ಕಾರು, ನಾಲ್ಕು ಮೋಟರ್, ಸುಮಾರು 3000 ಕುದುರೆ ಶಕ್ತಿ. ಶಿರಾನ್‌ಗೆ ಇದ್ದದ್ದು 1600. ಹತ್ತಿರಹತ್ತಿರ ಎರಡು ಪಟ್ಟು ಶಕ್ತಿ ಹಾಕಿ ಹೆಚ್ಚಿದ್ದು 6 ಕಿ.ಮೀ. ಕಾಕಾಗೆ ಇದನ್ನು ಹೇಳಿದರೆ, "ಮತ್ತ ಕಡೀಕ ಟೈರ್ ಯಾರ್ದ ಹಾಕಿದ್ರು?" ಅಂತಲೇ ಕೇಳುತ್ತಾರೆ.

ಗಾಲಿ ಹಾಕಿ, ಟಾರ್ಕ್ ರೆಂಚಿನಲ್ಲಿ ಬೋಲ್ಟ್ ಬಿಗಿದು, ಮಾಲೀಕರಿಗೆ ಹೇಳಿದೆ. ಇದು ಊರು ಮುಟ್ಟಲು ಸಾಕು, ಟ್ರ್ಯಾಕಿಗೆ ಮಾತ್ರ ಈ ಟೈರ್ ಒಯ್ಯಬೇಡಿ, ಹೊಸದು ಹಾಕಿಸಿ. ಒಪ್ಪಿಕೊಂಡರು. ಬಿಲ್ ನೋಡಿ ಅವರಿಗೇ ಅನುಮಾನ. ಎಸ್‌ಯುವಿಗಳಿಗೆ ತಗೊಳ್ಳುವಷ್ಟೇ ಬರೆದಿತ್ತು. "ಪಂಕ್ಚರ್ ಪಂಕ್ಚರ್ರ ಅಲ್ರೀ? ಅದರಾಗ ದೊಡ್ಡ ಗಾಡಿ, ಸಣ್ಣ ಗಾಡಿ ಏನ ಬಂತು" ಅಂದರು ಕಾಕಾ. ಹಲಗೆಗೆ ಬೇರೆ ಚಾರ್ಜ್ ಹಾಕಬಹುದಿತ್ತು ಅಂತ ನನಗೆ ಅನಿಸಿತು, ಹೇಳಲಿಲ್ಲ. ಕಾರು ಸರ್ವಿಸ್ ರಸ್ತೆ ದಾಟಿ ಹೆದ್ದಾರಿ ಸೇರುವಾಗ ಒಮ್ಮೆ ಎಂಜಿನ್ ಏರಿಸಿದರು. ಎದುರಿನ ಚಹಾ ಅಂಗಡಿಯವರೆಲ್ಲ ಹೊರಗೆ ಬಂದರು.

ಕಬ್ಬು ಒಣಗುತ್ತದೆ ಅಂತ ಪಾಳಿ ಹಿಡಿದಿದ್ದ ಟ್ರ್ಯಾಕ್ಟರ್ ಹುಡುಗ ಇಷ್ಟೂ ಹೊತ್ತು ಅಲ್ಲೇ ನಿಂತಿದ್ದ. ಅಕ್ಷರದ ವಿಷಯ ಅವನ ತಲೆ ಹೊಕ್ಕಿತ್ತು. "ನಮ್ಮ ಟ್ರ್ಯಾಕ್ಟರ್ ಟೈರಿಗೂ ಬರದಿರ್ತಾರೇನ್ರಿ ಅಣ್ಣಾ?" ಹಿಂದಿನ ದೊಡ್ಡ ಗಾಲಿಯ ಮಣ್ಣು ಕೆರೆದು ನೋಡಿದೆವು. ಎ6 ಅಂತ ಇತ್ತು. ಗಂಟೆಗೆ 30 ಕಿ.ಮೀ. ಅಂದೆ.

"ಮೂವತ್ತ? ಖಾಲಿ ಟ್ರಾಲಿ ಇದ್ದಾಗ ನಾ ನಲವತ್ತ ಹೊಡೀತೀನಲ್ರೀ!" ಮುಖ ಅರಳಿತು ಅವನದು. "ಹಂಗಾರ ಆ ಸಾಹೇಬ್ರು ಇನ್ನೂ ಟೈರಿನ ಲಿಮಿಟ್ ಮುಟ್ಟಿಲ್ಲ, ನಾ ದಿನಾ ದಾಟತೀನಿ." ಕುಣಿಯುತ್ತಾ ಹೋಗಿ ಟ್ರ್ಯಾಕ್ಟರ್ ಹತ್ತಿದ. ಹಾಡು ಹಚ್ಚಿ, ಸೌಂಡ್ ಪೂರ್ತಿ ಏರಿಸಿ, ಹೊರಟೇಬಿಟ್ಟ.

"ಲೇ ತಮ್ಮಾ, ಟ್ಯೂಬಿನ ರೊಕ್ಕ!" ಅಂತ ಕಾಕಾ ಕೈಯಲ್ಲಿ ಪಾನಾ ಹಿಡಿದೇ ಟ್ರಾಲಿಯ ಹಿಂದೆ ಓಡಿದರು.