ಕೆ5 ಬ್ಲೇಜರ್‌ಗೆ ಹಿಂದಿನ ಡಿಸ್ಕ್ ಬ್ರೇಕು: ಗಾಳಿ ಅಲ್ಲ, ಗ್ಯಾಪು

ಗಾಡಿ 1985ರ ಷೆವರ್ಲೆ ಕೆ5 ಬ್ಲೇಜರ್, 5.7 ಲೀಟರಿನ ವಿ8, ಹಿಂದೆ 8.5 ಇಂಚಿನ ಟೆನ್-ಬೋಲ್ಟ್ (ಕವರಿಗೆ ಹತ್ತು ಬೋಲ್ಟಿನ) ಆಕ್ಸಲ್. ಹಿಂದಿನ ಡ್ರಮ್ಮು ಕಿತ್ತು ಡಿಸ್ಕ್ ಕೂರಿಸುವ ಕೆಲಸ ಲೆಕ್ಕಕ್ಕೆ ಮುಗಿದಿತ್ತು, ಪೆಡಲ್ ಮಾತ್ರ ಒಪ್ಪಿರಲಿಲ್ಲ. ಮೊದಲ ಸಲ ತುಳಿದರೆ ನೆಲದಿಂದ ಎರಡು ಬೆರಳು ಮೇಲೆ ಬಂದು ನಿಲ್ಲುತ್ತದೆ. ಬಿಟ್ಟು ತಕ್ಷಣ ಇನ್ನೊಮ್ಮೆ ತುಳಿದರೆ ಮೇಲೆಯೇ ಕಲ್ಲಿನ ಹಾಗೆ ಗಟ್ಟಿ. ಎರಡು ನಿಮಿಷ ಬಿಟ್ಟು ತುಳಿದರೆ ಮತ್ತೆ ನೆಲದ ಹತ್ತಿರ. ಮೂರು ಲೀಟರ್ ಡಾಟ್ 3 ಆಯಿಲ್ ಬ್ಲೀಡರ್ ನಿಪ್ಪಲ್ (ಗಾಳಿ ಹೊರಬಿಡುವ ಬಾಯಿ) ದಾಟಿ ಡಬ್ಬಿ ಸೇರಿದ ಮೇಲೂ ಅದೇ ಹಾಡು. ಈಗ ಸರಿಹೋಗಿದೆ. ಸರಿಹೋದದ್ದು ಗಾಳಿ ತೆಗೆದದ್ದರಿಂದ ಅಲ್ಲ.

ಬಿಚ್ಚುವ ಭಾಗಕ್ಕೆ ಜಾಸ್ತಿ ಜಾಗ ಕೊಡುವುದಿಲ್ಲ. ಡಿಫರೆನ್ಷಿಯಲ್ ಕವರ್ ತೆಗೆ, ಸುಮಾರು 2 ಲೀಟರ್ ಗೇರ್ ಆಯಿಲ್ ಇಳಿಸು, ಕ್ರಾಸ್ ಪಿನ್ ಎಳೆ, ಆಕ್ಸಲ್ ತುದಿ ಹಿಡಿದಿರುವ ಸಿ-ಕ್ಲಿಪ್ ಬೀಳಿಸು, ಆಕ್ಸಲ್ ಎಳೆ, ನಾಲ್ಕು ಬೋಲ್ಟಿನ ಬ್ಯಾಕಿಂಗ್ ಪ್ಲೇಟ್ ಬಿಚ್ಚು, ಬ್ರಾಕೆಟ್ ಹಾಕು. ಎಚ್ಚರಿಕೆ ಒಂದೇ: ಕ್ರಾಸ್ ಪಿನ್ ಹಿಡಿದಿರುವ ಆ ಸಣ್ಣ ಲಾಕ್ ಬೋಲ್ಟು ಮುರಿಯುವುದಕ್ಕೇ ಹುಟ್ಟಿದ್ದು. ಬಿಸಿ ಕೊಡದೆ, ಪೆನಿಟ್ರೇಟಿಂಗ್ ಆಯಿಲ್ ಹೊಡೆದು ಕಾಯದೆ ಉದ್ದನೆಯ ಪಾನಾ ಹಾಕಿ ತಿರುಗಿಸಿದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಹೊಸ ಲಾಕ್ ಬೋಲ್ಟನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, 1979ರಿಂದ 85ರವರೆಗಿನ ಕ್ಯಾಡಿಲಾಕ್ ಎಲ್ಡೊರಾಡೊದ ಹಿಂದಿನದು. ಈ ಕಾಲದ ಜಿಎಂ (ಜನರಲ್ ಮೋಟರ್ಸ್) ಗಾಡಿಗಳಿಗೆ ಹಿಂದೆ ಡಿಸ್ಕ್ ಹಾಕುವವರು ಇದನ್ನೇ ಆರಿಸುವುದಕ್ಕೆ ಕಾರಣ ಒಂದು: ಪಾರ್ಕಿಂಗ್ ಬ್ರೇಕು ಕ್ಯಾಲಿಪರ್ ಒಳಗೇ ಇದೆ. ಗಾಡಿಯ ಮುಂದಿನ ಕ್ಯಾಲಿಪರನ್ನೇ ಹಿಂದೆಯೂ ಹಾಕಿದರೆ ಅಗ್ಗ, ಸುಲಭ. ಆದರೆ ಪಾರ್ಕಿಂಗ್ ಬ್ರೇಕು ಇರುವುದಿಲ್ಲ, ಮೇಲಾಗಿ ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗುವ ಭಯ. ಎಲ್ಡೊರಾಡೊ ಪಿಸ್ಟನ್ನು 2⅛ ಇಂಚು, ಅಂದರೆ 54 ಮಿ.ಮೀ. ಮುಂದಿನದು 2 15/16 ಇಂಚು. ಹಾಗಾಗಿ ಹಿಂದೆ ಬಲ ಸಹಜವಾಗಿಯೇ ಕಡಿಮೆ.

ಸಾಮಾನು ಕಳಿಸಿದವರ ಬಗ್ಗೆ ಹೇಳದೆ ಮುಂದೆ ಹೋದರೆ ಹೊಟ್ಟೆ ತಣ್ಣಗಾಗುವುದಿಲ್ಲ. ‘ಸಂಪೂರ್ಣ ಕಿಟ್’ ಅಂತ ಬಂದ ಪೆಟ್ಟಿಗೆಯಲ್ಲಿ ಎರಡೂ ಎಡಗಡೆಯ ಕ್ಯಾಲಿಪರ್. ತಾಮ್ರದ ವಾಷರ್ ಒಂದೂ ಇಲ್ಲ. ಹೋಸ್‌ಪೈಪಿನ ಜೊತೆ ಬಂದ ಬ್ಯಾಂಜೊ ಬೋಲ್ಟು (ಪೈಪನ್ನು ಕ್ಯಾಲಿಪರಿಗೆ ಜೋಡಿಸುವ ಟೊಳ್ಳು ಬೋಲ್ಟು) 7/16 ಇಂಚಿನದು, ಕ್ಯಾಲಿಪರ್ ತೂತು ಎಂ10×1.5. ಇದು ಹೋಗುವುದೇ ಇಲ್ಲವಾದ್ದರಿಂದ ಕೂಡಲೇ ಗೊತ್ತಾಯಿತು. ಅಪಾಯ ಇರುವುದು ಉಲ್ಟಾ ಆದಾಗ: 7/16 ತೂತಿಗೆ 10 ಮಿ.ಮೀ. ಬೋಲ್ಟು ಸಡಿಲವಾಗಿ ಇಳಿದು, ಬಿಗಿ ಮಾಡುವಾಗ ಮರೆಯನ್ನೇ (ಥ್ರೆಡ್) ಕಿತ್ತುಕೊಂಡು ಬರುತ್ತದೆ. ಇನ್ನು ಠೇವಣಿ. ರೀಬಿಲ್ಡ್ ಕ್ಯಾಲಿಪರ್‌ಗೆ ಹಳೆಯದನ್ನು ವಾಪಸು ಕೊಟ್ಟರೆ ದುಡ್ಡು ಹಿಂದಕ್ಕೆ ಎಂಬ ನಿಯಮ. ಡ್ರಮ್ಮಿದ್ದ ಗಾಡಿಯಲ್ಲಿ ಹಳೆ ಕ್ಯಾಲಿಪರ್ ಎಲ್ಲಿಂದ ತರುವುದು? ಆ ದುಡ್ಡಿಗೆ ಎಳ್ಳುನೀರು ಬಿಟ್ಟು ಬಜೆಟ್ ಹಾಕಿ.

ಎರಡೂ ಎಡಗಡೆಯದು ಬಂದರೆ ಬರೀ ಸಿಟ್ಟಿನ ವಿಷಯ ಅಲ್ಲ. ತಪ್ಪು ಬದಿಗೆ ಹಾಕಿದರೆ ಬ್ಲೀಡರ್ ಕೆಳಗೆ ಬರುತ್ತದೆ, ಗಾಳಿ ಮೇಲೆ ಕೂತಿರುತ್ತದೆ. ಎಷ್ಟು ಆಯಿಲ್ ಹರಿಸಿದರೂ ಅದು ಕದಲುವುದಿಲ್ಲ. ಒಳಗಿನ ಸ್ಕ್ರೂ ಮರೆ ಕೂಡ ಎಡಕ್ಕೂ ಬಲಕ್ಕೂ ಬೇರೆ. ಸರಿಯಾದ ಬದಿಗೆ ಹಾಕಿದಾಗಲೂ ಕೆಲವು ಬ್ರಾಕೆಟ್‌ಗಳು ಕ್ಯಾಲಿಪರನ್ನು ಎಂಥ ಕೋನದಲ್ಲಿ ಹಿಡಿಯುತ್ತವೆ ಎಂದರೆ ಬ್ಲೀಡರ್ ತುತ್ತತುದಿಗೆ ಬರುವುದೇ ಇಲ್ಲ. ಆಗ ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ತುಂಡು ಇಟ್ಟು, ಬ್ಲೀಡರ್ ಆಕಾಶ ನೋಡುವ ಹಾಗೆ ಹಿಡಿದು ಗಾಳಿ ತೆಗೆಯಬೇಕು. ಇಲ್ಲೂ ಅದನ್ನೇ ಮಾಡಿದ್ದು. ಪೆಡಲ್‌ಗೆ ಒಂದಿಷ್ಟೂ ವ್ಯತ್ಯಾಸ ಆಗಲಿಲ್ಲ.

ಹುಡುಕಾಟ ದಾರಿಗೆ ಬಂದದ್ದು ಅಲ್ಲಿಂದ. ಗಾಳಿ ಇದ್ದರೆ ಪೆಡಲ್ ಸ್ಪಂಜಿನ ಹಾಗೆ ಇರುತ್ತದೆ, ಎರಡನೇ ಸಲ ತುಳಿದರೂ ಆ ಮೆತ್ತಗಿನ ಗುಣ ಪೂರ್ತಿ ಹೋಗುವುದಿಲ್ಲ. ಇಲ್ಲಿ ಎರಡನೇ ತುಳಿತ ಗಟ್ಟಿ. ಇನ್ನೊಂದು ಪರೀಕ್ಷೆ: ಪೆಡಲ್ ತುಳಿತದಿಂದ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದು, ಒಬ್ಬರು ಬೇಗಬೇಗ ಇಪ್ಪತ್ತು ಸಲ ತುಳಿದು ಒತ್ತಿ ಹಿಡಿದು ಗಬಕ್ಕನೆ ಬಿಡಬೇಕು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಅದು ಸ್ಪ್ರಿಂಗಿನ ಹಾಗೆ ಹಿಗ್ಗಿ ಆಯಿಲನ್ನು ಕಾರಂಜಿಯಂತೆ ಮೇಲಕ್ಕೆ ಚಿಮ್ಮಿಸುತ್ತದೆ. ಕನ್ನಡಕ ಹಾಕಿಕೊಳ್ಳಿ, ಮಡ್‌ಗಾರ್ಡ್ ಮೇಲೆ ಹಳೆ ಬಟ್ಟೆ ಹಾಸಿ, ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಈ ಗಾಡಿಯಲ್ಲಿ ಸಣ್ಣ ಅಲೆ ಎದ್ದದ್ದು ಬಿಟ್ಟರೆ ಏನೂ ಇಲ್ಲ.

ಆಮೇಲೆ ಒಂದೊಂದೇ ಮುಚ್ಚುತ್ತಾ ಹೋಗುವ ಕೆಲಸ. ಮಾಸ್ಟರಿನ ಎರಡೂ ಬಾಯಿಗೆ ಇನ್ವರ್ಟೆಡ್ ಫ್ಲೇರ್ ಪ್ಲಗ್ ಹಾಕಿ ತುಳಿದರೆ ಪೆಡಲ್ ಮೇಲೆಯೇ ಗಟ್ಟಿ: ಮಾಸ್ಟರೂ, ಪಾದದ ಬಲ ಹೆಚ್ಚಿಸುವ ಬೂಸ್ಟರಿನ ಪುಶ್‌ರಾಡ್ ಅಳತೆಯೂ ಸರಿ. ಮುಂದಿನ ಲೈನ್ ಜೋಡಿಸಿದರೆ ಸ್ವಲ್ಪ ಇಳಿಯಿತು, ಒಪ್ಪಿಗೆಯಾಗುವಷ್ಟೇ. ಹಿಂದಿನದನ್ನು ಜೋಡಿಸಿದ ಕೂಡಲೇ ನೆಲ. ಹಿಂದೆ ಎಡ ಮುಚ್ಚಿದರೆ ಅರ್ಧ ವಾಪಸು, ಬಲ ಮುಚ್ಚಿದರೆ ಇನ್ನರ್ಧ. ಎರಡೂ ಕಡೆ ಸಮಸಮ ಪಾಲು ಬಂತೆಂದರೆ ಅದು ಒಂದು ಮೂಲೆಯಲ್ಲಿ ಕೂತ ಗಾಳಿಗುಳ್ಳೆಯ ಕೆಲಸ ಆಗಿರಲಾರದು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡಿದರೆ ಪ್ಯಾಡು ಮತ್ತು ಡಿಸ್ಕಿನ ನಡುವೆ ಎರಡೂ ಮಗ್ಗುಲು ಸೇರಿ ಒಂದೊಂದು ಚಕ್ರಕ್ಕೆ 2 ಮಿ.ಮೀ. ಸಂದು.

2 ಮಿ.ಮೀ. ಏನು ಮಹಾ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 54 ಮಿ.ಮೀ. ಪಿಸ್ಟನ್ನಿನ ಮುಖ 22.9 ಚದರ ಸೆಂ.ಮೀ. ಎರಡು ಚಕ್ರಕ್ಕೆ ಆ ಸಂದು ತುಂಬಲು 9.2 ಘನ ಸೆಂ.ಮೀ. ಆಯಿಲ್ ಬೇಕು. ಮಾಸ್ಟರ್ 1⅛ ಇಂಚಿನದು, ಅದರ ಪಿಸ್ಟನ್ ಮುಖ 6.4 ಚದರ ಸೆಂ.ಮೀ. ಅಂದರೆ ಹಿಂದಿನ ಪ್ಯಾಡು ಡಿಸ್ಕನ್ನು ಬರೀ ಮುಟ್ಟುವುದಕ್ಕೇ ಮಾಸ್ಟರ್ ಒಳಗೆ 14 ಮಿ.ಮೀ. ಓಡಬೇಕು. ಪೆಡಲ್ ಅನುಪಾತ 4:1 ಹಿಡಿದರೆ ಪಾದದ ಕೆಳಗೆ 57 ಮಿ.ಮೀ. ಇದಿನ್ನೂ ಬ್ರೇಕು ಹಿಡಿದದ್ದಲ್ಲ, ಮುಟ್ಟಿದ್ದು. ಸಂದು 0.3 ಮಿ.ಮೀ. ಇದ್ದಿದ್ದರೆ ಪಾದಕ್ಕೆ 9 ಮಿ.ಮೀ.ಯಲ್ಲಿ ಮುಗಿಯುತ್ತಿತ್ತು.

ಇಂಥ ಹೊತ್ತಲ್ಲಿ ಎಲ್ಲರೂ ಕೊಡುವ ಸಲಹೆ 1¼ ಇಂಚಿನ ಮಾಸ್ಟರ್ ಹಾಕಿ ಅಂತ. ಅದನ್ನೂ ಲೆಕ್ಕ ಹಾಕಿದ್ದಾಯಿತು: ಪೆಡಲ್ 57ರ ಬದಲು 46 ಮಿ.ಮೀ. ಇಳಿಯುತ್ತದೆ, ಅದೇ ಪಾದದ ಬಲಕ್ಕೆ ಲೈನಿನ ಒತ್ತಡ ಶೇ. 19ರಷ್ಟು ಕಡಿಮೆಯಾಗುತ್ತದೆ. 11 ಮಿ.ಮೀ. ಲಾಭಕ್ಕೆ ಐದನೇ ಒಂದು ಪಾಲು ಒತ್ತಡ ಕಳೆದುಕೊಳ್ಳುವುದು, ಸಂದು ಇದ್ದಲ್ಲೇ ಇರುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ಸಂದು ಏಕೆ ಉಳಿಯಿತು? ಮಾಮೂಲಿ ಕ್ಯಾಲಿಪರ್‌ನಲ್ಲಿ ಪಿಸ್ಟನ್ನು ಮುಂದೆ ಹೋದಲ್ಲೇ ನಿಲ್ಲುತ್ತದೆ, ರಬ್ಬರ್ ಸೀಲು ಕೂದಲೆಳೆಯಷ್ಟು ಹಿಂದೆ ಎಳೆಯುತ್ತದೆ ಅಷ್ಟೆ. ಎಲ್ಡೊರಾಡೊದ್ದರ ಒಳಗೆ ಪಾರ್ಕಿಂಗ್ ಬ್ರೇಕಿನ ಸ್ಕ್ರೂ, ನಟ್ಟು, ಸ್ಪ್ರಿಂಗು ಇವೆ. ಲಿವರ್ ಎಳೆದು ಬಿಟ್ಟಾಗ ಸ್ಕ್ರೂ ಮುಂದಕ್ಕೆ ಸರಿದು ಪಿಸ್ಟನ್ನಿಗೆ ಹೊಸ ಜಾಗ ಕೊಡಬೇಕು. ಅದು ಸರಿಯದಿದ್ದರೆ ತುಳಿದು ಬಿಟ್ಟಾಗಲೆಲ್ಲ ಪಿಸ್ಟನ್ನು ಹಳೆ ಜಾಗಕ್ಕೆ ವಾಪಸು. ಎಂದರೆ ಪಾರ್ಕಿಂಗ್ ಬ್ರೇಕು ಬಳಸದವನ ಗಾಡಿಯಲ್ಲಿ ಈ ಕ್ಯಾಲಿಪರ್ ತಾನಾಗಿ ಹೊಂದಿಕೊಳ್ಳುವುದೇ ಇಲ್ಲ. ಆಟೊಮ್ಯಾಟಿಕ್ ಗೇರಿನವರು ‘ಪಿ’ಗೆ ತಳ್ಳಿ ಇಳಿದು ಹೋಗುವವರೇ ಹೆಚ್ಚು. ಈ ಕ್ಯಾಲಿಪರ್‌ಗೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಆ ಅಭ್ಯಾಸದ್ದು.

ಸರಿಮಾಡಿದ ಕ್ರಮ ಹೀಗೆ. ಕೇಬಲ್ ಪೂರ್ತಿ ಕಳಚಿ. ಕ್ಯಾಲಿಪರ್ ಜಾಗದಲ್ಲೇ ಇರಲಿ, ಪ್ಯಾಡು ಡಿಸ್ಕು ಎಲ್ಲ ಕೂತಿರಲಿ. ಲಿವರಿನ ನಟ್ಟು ಬಿಚ್ಚಿ ಲಿವರ್ ಹೊರಗೆ ತೆಗೆದರೆ ಸ್ಕ್ರೂವಿನ ಷಟ್ಕೋನದ ತಲೆ ಕಾಣುತ್ತದೆ. ಲಿವರ್ ಬ್ರೇಕು ಹಿಡಿಯುವಾಗ ಯಾವ ಕಡೆ ತಿರುಗುತ್ತದೋ ಅದೇ ಕಡೆಗೆ ತಲೆಯನ್ನು ಪಾನಾದಿಂದ ತಿರುಗಿಸುತ್ತಾ ಹೋಗಿ, ಡಿಸ್ಕು ಕೈಯಲ್ಲಿ ತಿರುಗಿಸಲು ಬಿಗಿ ಅನ್ನಿಸುವವರೆಗೆ. ಆಮೇಲೆ ಸ್ವಲ್ಪವೇ ಹಿಂದೆ, ಪ್ಯಾಡು ಸವರಿಕೊಂಡು ಡಿಸ್ಕು ತಿರುಗುವಷ್ಟು. ಲಿವರನ್ನು ಸ್ಟಾಪಿಗೆ ತಾಗುವಂತೆ ಹತ್ತಿರದ ಮುಖಕ್ಕೆ ಕೂರಿಸಿ ನಟ್ಟು ಬಿಗಿ ಮಾಡಿ. ತಲೆ ತಿರುಗಿಸುವಾಗ ಸೀಲಿನ ಬಳಿ ಆಯಿಲ್ ಜಿನುಗುತ್ತದೆಯೇ ನೋಡಿ. ರೀಬಿಲ್ಡ್ ಮಾಲಿನಲ್ಲಿ ಆ ಸೀಲು ಸೋರುವುದು ಅಪರೂಪ ಅಲ್ಲ. ಎರಡೂ ಕಡೆ ಇಷ್ಟು ಮಾಡಿದ ಮೇಲೆ ಮೊದಲ ತುಳಿತಕ್ಕೇ ಪೆಡಲ್ ಮೇಲೆ ನಿಂತಿತು. ಒಂದು ಹನಿ ಆಯಿಲೂ ಹರಿಸಿರಲಿಲ್ಲ.

ಎರಡು ವಾರಕ್ಕೆ ಪೆಡಲ್ ಮತ್ತೆ ಇಳಿಯತೊಡಗಿತು. ಪಾರ್ಕಿಂಗ್ ಬ್ರೇಕು ದಿನಾ ಬಳಕೆಯಲ್ಲಿತ್ತು, ಆದರೂ! ಕೆಳಗೆ ಮಲಗಿ ನೋಡಿದರೆ ಎಡಗಡೆಯ ಲಿವರ್ ಸ್ಟಾಪಿನಿಂದ 6 ಮಿ.ಮೀ. ದೂರದಲ್ಲೇ ನಿಂತಿದೆ. ಲೀಫ್ ಸ್ಪ್ರಿಂಗಿಗೂ ಕ್ಯಾಲಿಪರಿಗೂ ನಡುವೆ ಕೇಬಲ್ ಕೊಳವೆ ತೀರಾ ಇಕ್ಕಟ್ಟಾಗಿ ಬಾಗಿ, ಒಳಗಿನ ತಂತಿ ಉಜ್ಜಿಕೊಂಡು ವಾಪಸು ಬರುತ್ತಿರಲಿಲ್ಲ. ಲಿವರ್ ಪೂರ್ತಿ ಹಿಂದೆ ಬಂದು ಸ್ಟಾಪಿಗೆ ತಾಗಿದರೆ ಮಾತ್ರ ಒಳಗಿನ ಸ್ಕ್ರೂ ಮುಂದಿನ ಹೆಜ್ಜೆ ಹಿಡಿಯುವುದು. ಕೇಬಲ್ ದಾರಿ ಬದಲಿಸಿ ಬಾಗು ಅಗಲ ಮಾಡಿ, ಎರಡೂ ಕಡೆಯ ಕೇಬಲನ್ನು ಸಮವಾಗಿ ಎಳೆಯುವ ಈಕ್ವಲೈಸರ್ ನಟ್ಟು ನಾಲ್ಕು ಸುತ್ತು ಸಡಿಲಿಸಿ, ಎರಡೂ ಲಿವರ್‌ಗೆ ಹೊರಗಿನಿಂದ ಒಂದೊಂದು ರಿಟರ್ನ್ ಸ್ಪ್ರಿಂಗ್ ಹಾಕಿದ್ದಾಯಿತು. ಕೇಬಲ್ ಬಿಗಿ ಇದ್ದಷ್ಟೂ ಪಾರ್ಕಿಂಗ್ ಬ್ರೇಕು ಗಟ್ಟಿ ಎಂಬ ಡ್ರಮ್ಮಿನ ಕಾಲದ ಬುದ್ಧಿ ಇಲ್ಲಿ ಕೆಲಸಕ್ಕೆ ಬಾರದು. ಕ್ಯಾಲಿಪರ್ ಹೊಂದಿಸಿಯಾದ ಮೇಲೆ, ಲಿವರ್ ಸ್ಟಾಪಿನಲ್ಲಿ ಕೂತಿರುವಾಗ ತಂತಿಯ ಸಡಿಲ ಮಾತ್ರ ತೆಗೆಯಬೇಕು.

ಒಂದು ಅನುಮಾನ ಉಳಿದಿದೆ. ಸಿ-ಕ್ಲಿಪ್ ಆಕ್ಸಲ್ ಒಳಗೆ ಹೊರಗೆ ಸ್ವಲ್ಪ ಆಡುತ್ತದೆ. ಜೋರು ತಿರುವಿನಲ್ಲಿ ಡಿಸ್ಕು ಪಕ್ಕಕ್ಕೆ ಸರಿದು ಪ್ಯಾಡನ್ನು ಹಿಂದೆ ತಳ್ಳಿದರೆ, ತಿರುವು ಮುಗಿದ ಮೇಲಿನ ಮೊದಲ ತುಳಿತ ತುಸು ಕೆಳಗೆ. ಕ್ಯಾಲಿಪರಿನ ಜಾರು ಪಿನ್ನುಗಳು ಸಲೀಸಾಗಿ ಓಡಾಡಿದರೆ ಇದು ಬಹುಪಾಲು ಕಾಣುವುದಿಲ್ಲ. ಹಾಗಾಗಿ ಪಿನ್ನಿಗೆ ಬ್ರೇಕಿನ ಸಿಲಿಕೋನ್ ಗ್ರೀಸೇ ಹಾಕಿ, ಬೇರಿಂಗ್ ಗ್ರೀಸ್ ಬೇಡ.

ಫ್ರೇಮಿನ ಮೇಲಿದ್ದ, ಮುಂದೆ ಹಿಂದೆ ಒತ್ತಡ ಹಂಚುವ ಹಿತ್ತಾಳೆಯ ಕಾಂಬಿನೇಷನ್ ವಾಲ್ವ್ ಹೋಯಿತು, ಡಿಸ್ಕ್-ಡಿಸ್ಕ್‌ನದು ಬಂತು. ಡ್ರಮ್ಮು ತಿರುಗುವಾಗ ಶೂವನ್ನು ತನ್ನ ಜೊತೆ ಎಳೆದುಕೊಂಡು ಇನ್ನೂ ಗಟ್ಟಿಯಾಗಿ ಒತ್ತಿಸಿಕೊಳ್ಳುತ್ತದೆ, ಅದಕ್ಕೇ ಹಳೆ ವಾಲ್ವು ಹಿಂದಿನ ಒತ್ತಡಕ್ಕೆ ಕಡಿವಾಣ ಹಾಕುತ್ತಿತ್ತು. ಡಿಸ್ಕಿಗೆ ಆ ಗುಣ ಇಲ್ಲ, ಸಣ್ಣ ಪಿಸ್ಟನ್ನಿಗೆ ಮತ್ತೆ ಕಡಿವಾಣ ಹಾಕಿದರೆ ಹಿಂದಿನ ಬ್ರೇಕು ಲೆಕ್ಕಕ್ಕೆ ಮಾತ್ರ. ಹಿಂದಿನ ಲೈನಿಗೆ ವಿಲ್‌ವುಡ್‌ನ ಅಡ್ಜಸ್ಟಬಲ್ ವಾಲ್ವ್ ಹಾಕಿದೆ. ಅದು ಹಿಂದಿನ ಒತ್ತಡಕ್ಕೆ ಶೇ. 57ರವರೆಗೆ ಕಡಿತ ಕೊಡುತ್ತದೆ. ಹೆಚ್ಚಿನ ಕಡಿತದಲ್ಲಿ ಶುರು ಮಾಡಿ, ಒದ್ದೆ ಜಲ್ಲಿಯ ಖಾಲಿ ಜಾಗದಲ್ಲಿ ನಿಧಾನ ವೇಗದಲ್ಲಿ ಜೋರಾಗಿ ತುಳಿದು, ಹೊರಗೆ ನಿಂತವರಿಂದ ಯಾವ ಚಕ್ರ ಮೊದಲು ನಿಲ್ಲುತ್ತದೆ ಕೇಳುತ್ತಾ ಅರ್ಧರ್ಧ ಸುತ್ತಿನಂತೆ ಕಡಿತ ಇಳಿಸುತ್ತಾ ಬರಬೇಕು. ಮುಂದಿನದು ಮೊದಲು ಲಾಕ್ ಆಗಬೇಕು, ಹಿಂದಿನದು ಆಮೇಲೆ. ಇದರಲ್ಲಿ ರಾಜಿ ಇಲ್ಲ. ಮರುತಯಾರಿಯ ಮಾಸ್ಟರ್ ಹಾಕಿದ್ದರೆ ಹಿಂದಿನ ಬಾಯಿಯೊಳಗೆ ಡ್ರಮ್ಮಿನ ರೆಸಿಡ್ಯುಯಲ್ ವಾಲ್ವ್ (ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವು) ಇದೆಯೇ ಸಣ್ಣ ತಂತಿ ತೂರಿಸಿ ನೋಡಿ. ಇದ್ದರೆ ಪ್ಯಾಡು ಸದಾ ಉಜ್ಜುತ್ತಲೇ ಇರುತ್ತದೆ, ಡಿಸ್ಕು ಕಾಯುತ್ತದೆ.

ಒಣ ರಸ್ತೆಯಲ್ಲಿ ನಿಲ್ಲುವ ದೂರ ಕಣ್ಣಿಗೆ ಕಾಣುವಷ್ಟು ಕಡಿಮೆ ಆಗಿಲ್ಲ. ಆಗಬೇಕಾಗಿಯೂ ಇಲ್ಲ, ಭಾರದ ಕೆಲಸ ಮುಂದಿನ ಡಿಸ್ಕಿನದು. ಲಾಭ ಇರುವುದು ಹಳ್ಳ ದಾಟಿದ ಮೇಲೆ: ನೀರು ತುಂಬಿದ ಡ್ರಮ್ಮಿನ ಹಾಗೆ ಕಾಯಬೇಕಿಲ್ಲ, ಒಂದೆರಡು ತುಳಿತಕ್ಕೆ ಡಿಸ್ಕು ಒಣಗಿ ಹಿಡಿಯುತ್ತದೆ. ಉದ್ದ ಇಳಿಜಾರಿನಲ್ಲೂ ಹಾಗೇ.

ಈಗ ತಲೆಯಲ್ಲಿ ತಿರುಗುತ್ತಿರುವುದು ಹೈಡ್ರೊಬೂಸ್ಟ್. ವ್ಯಾಕ್ಯೂಮ್ ಬೂಸ್ಟರ್ ಕಿತ್ತು, ಪವರ್ ಸ್ಟೀರಿಂಗ್ ಪಂಪಿನ ಒತ್ತಡದಲ್ಲೇ ಬ್ರೇಕು ತಳ್ಳಿಸುವುದು. ಷೆವರ್ಲೆ ಆಸ್ಟ್ರೊ ವ್ಯಾನಿನ ಯೂನಿಟ್ಟನ್ನು ಈ ಗಾಡಿಗಳಿಗೆ ಹಾಕುವವರು ತುಂಬಾ ಜನ. ಅದು ಬಂದರೆ ಮೇಲೆ ಬೈದ 1¼ ಇಂಚಿನ ಮಾಸ್ಟರಿಗೂ ಅರ್ಥ ಬರುತ್ತದೆ, ಯಾಕೆಂದರೆ ಕಳೆದುಕೊಳ್ಳುವ ಶೇ. 19 ಒತ್ತಡವನ್ನು ಬೂಸ್ಟ್ ತುಂಬಿಕೊಡುತ್ತದೆ. ಪಂಪಿನ ರಿಸರ್ವಾಯರ್‌ಗೆ ಎರಡನೇ ರಿಟರ್ನ್ ನಳಿಗೆ ಬೇಕು, ಫೈರ್‌ವಾಲ್ ಬ್ರಾಕೆಟ್ ಕೋನ ನೋಡಬೇಕು, ಪುಶ್‌ರಾಡ್ ಉದ್ದ ಹೊಸದಾಗಿ ಅಳೆಯಬೇಕು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಮಾಸ್ಟರಿನ ಹಿಂದಿನ ಬ್ರೇಕಿನ ಕೋಣೆ ನೋಡುವುದು. ಅದು ಡ್ರಮ್ಮಿನ ಲೆಕ್ಕದ ಸಣ್ಣ ಕೋಣೆ. ಎರಡೂ ಚಕ್ರದಲ್ಲಿ ಒಂದೊಂದಕ್ಕೆ ಒಟ್ಟು 10 ಮಿ.ಮೀ. ಪ್ಯಾಡು ಸವೆದರೆ ಹತ್ತಿರ ಹತ್ತಿರ 46 ಮಿ.ಲೀ. ಆಯಿಲ್ ಕ್ಯಾಲಿಪರ್ ಒಳಗೆ ಸೇರಿಕೊಂಡಿರುತ್ತದೆ. ಮೂರನೆಯ ಕ್ಯಾಲಿಪರ್, ಆ ಹೆಚ್ಚುವರಿ ಎಡಗಡೆಯದು, ಇನ್ನೂ ಕಪಾಟಿನಲ್ಲಿದೆ. ಕಳಿಸಿದವರು ವಾಪಸು ತೆಗೆದುಕೊಳ್ಳಲು ಕೇಳಿದ್ದು ಹಳೆ ಕ್ಯಾಲಿಪರ್.