ಕ್ಯೂಆರ್ ಕೋಡೂ ಹಳದಿ ಚೀಟಿಯೂ

ಬಸವನಗುಡಿಯ ನಮ್ಮ ಸ್ಕೂಲ್ ಲೈಬ್ರರಿಯಲ್ಲಿ ಹೋದ ವಾರ ಒಂದು ಪ್ರಯೋಗ ಶುರು ಮಾಡಿದೆ. ಒಂಬತ್ತನೇ ಕ್ಲಾಸಿನವರು ತಾವು ಓದಿದ ಪುಸ್ತಕದ ಬಗ್ಗೆ ಮೂವತ್ತು ಸೆಕೆಂಡ್ ಮಾತಾಡಬೇಕು. ರೆಕಾರ್ಡ್ ಆದದ್ದರ ಕ್ಯೂಆರ್ ಕೋಡ್ ಪುಸ್ತಕದ ಹಿಂದೆ ಅಂಟಿಸಬೇಕು. 1994ರಲ್ಲಿ ಜಪಾನಿನಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ ಕೋಡ್ ಅದು. ಈಗ ಗಾಂಧಿ ಬಜಾರಿನ ಹೂವಿನ ಬುಟ್ಟಿ ಮೇಲೂ ಇದೆ, ತೇಜಸ್ವಿಯವರ ‘ಕರ್ವಾಲೊ’ ಬೆನ್ನ ಮೇಲೂ ಇದೆ.

ಸ್ಕ್ಯಾನ್ ಮಾಡಿದರೆ ಒಬ್ಬ ಹುಡುಗನ ಧ್ವನಿ. "ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ. ಸಿಗತ್ತಾ ಇಲ್ವಾ ನಾನು ಹೇಳಲ್ಲ." ಹಿಂದೆ ಊಟದ ಬೆಲ್ ಬೇರೆ ಕೇಳಿಸುತ್ತದೆ. 1980ರ ಪುಸ್ತಕವನ್ನು ನಾನಂತೂ ಇಷ್ಟು ಚೆನ್ನಾಗಿ ಯಾರಿಗೂ ಹೇಳಿರಲಿಲ್ಲ!

ಗುರುವಾರ ವೈಫೈ ಕೈಕೊಟ್ಟಿತು. ಒಬ್ಬಳು ಸುಮ್ನೆ ಹಳದಿ ಚೀಟಿ ಹರಿದು, "ಮೊದಲ ಹತ್ತು ಪುಟ ಬೋರು, ಆಮೇಲೆ ನಿದ್ದೆ ಬರಲ್ಲ" ಅಂತ ಪೆನ್ಸಿಲ್ಲಿನಲ್ಲಿ ಬರೆದು ಒಂದು ಪತ್ತೇದಾರಿ ಪುಸ್ತಕಕ್ಕೆ ಅಂಟಿಸಿದಳು. ಅದಕ್ಕೀಗ ಆರು ಜನ ಕಾಯುತ್ತಿದ್ದಾರೆ. ನನ್ನ ಕೋಡ್ ಸ್ಟಿಕ್ಕರ್ ಇನ್ನೂ ಜಾಸ್ತಿ ಉಳಿದಿವೆ, ಚೀಟಿಗಳೇ ಖಾಲಿ. ಅವೆನ್ಯೂ ರಸ್ತೆ ಕಡೆ ಹೋದಾಗ ಎರಡು ಕಟ್ಟು ತರಬೇಕು.